ಚಂದ್ರದೇವಿಗೆ ಅಮ್ಮನ ಮುಖ

ಮಾರುವುದಕ್ಕೆಂದೇ ಮಾಡಿದ ಸರಕನ್ನು ಮಾರಲು ಒಪ್ಪದ ವ್ಯಾಪಾರಿ ಎಂದು ಕಲ್ಲುಕುಟಿಗ ವೇನುಸ್ತನನ್ನು ನದೀದಂಡೆಯವರೆಲ್ಲ ಆಡಿಕೊಳ್ಳುತ್ತಿದ್ದರು. ರೋಮ್ ನಗರದಲ್ಲಿ, ತೈಬರ್ ನದಿಯ ದೋಣಿಗಳಿಂದ ಅಮೃತಶಿಲೆ ಇಳಿಸುವ ಕಟ್ಟೆಯಿದೆಯಲ್ಲ, ಅದರ ಹಿಂದೆಯೇ ಅವನ ಅಂಗಳ. ಉಳ್ಳವರು ತಮ್ಮ ಸತ್ತವರನ್ನು ಮಲಗಿಸುವ ಕಲ್ಲಿನ ಪೆಟ್ಟಿಗೆಗಳನ್ನು ಕೆತ್ತುವುದು ಅವನ ಕಸುಬು, ಅಪ್ಪ ಅಗಾಥನಿಂದ ಬಂದದ್ದು. ಗಿರಾಕಿ ಬಂದರೆ ಅಂಗಳದ ಯಾವ ಪೆಟ್ಟಿಗೆಯನ್ನಾದರೂ ಉಜ್ಜಿ ತೋರಿಸುತ್ತಿದ್ದ. ಮೂಲೆಯ ಅಂಜೂರದ ಮರದ ಕೆಳಗಿದ್ದುದನ್ನು ಕೇಳಿದರೆ ಮಾತ್ರ, "ಅದಾ? ಅದು ಸೀಳು ಬಿಟ್ಟಿದೆ" ಎಂದು ಸುಳ್ಳು ಹೇಳಿ ಕಳಿಸುತ್ತಿದ್ದ.

ಆ ಪೆಟ್ಟಿಗೆಗೆ ಸೀಳೂ ಇರಲಿಲ್ಲ, ಗೀಳೂ ಇರಲಿಲ್ಲ. ಅಗಾಥನ ಜೀವಮಾನದ ಕೆಲಸ ಅದು. ಏಷ್ಯಾದಿಂದ ಗುಲಾಮನಾಗಿ ಬಂದು, ಉಳಿ ಹಿಡಿದೇ ಬಿಡುಗಡೆ ಪಡೆದವನು ಅಗಾಥ. ಯಾರೋ ದೊಡ್ಡ ಮನುಷ್ಯ ಹೇಳಿ ಮಾಡಿಸಿದ್ದ; ಕೆತ್ತನೆ ಮುಗಿಯುವ ಹೊತ್ತಿಗೆ ಆ ಮನುಷ್ಯ ಅರಮನೆಯ ಸಿಟ್ಟಿಗೆ ಸಿಕ್ಕಿ ತಲೆಯನ್ನೂ ಮನೆಯನ್ನೂ ಕಳೆದುಕೊಂಡ. ಪೆಟ್ಟಿಗೆ ಅಂಗಳದಲ್ಲೇ ಉಳಿಯಿತು. ಅದರ ಮುಂಭಾಗದಲ್ಲಿ ಎಂಡಿಮಿಯಾನ್ ಎಂಬ ಚೆಲುವ ಕುರುಬ ಬತ್ತಲೆ ಮೈಯಲ್ಲಿ, ಒಂದು ತೋಳನ್ನು ತಲೆಯ ಮೇಲೆ ಚಾಚಿ, ಎಂದೂ ಏಳದ ನಿದ್ದೆಯಲ್ಲಿದ್ದ. ಅವನನ್ನು ಮೋಹಿಸಿದ ಚಂದ್ರದೇವಿ ಕುದುರೆಗಳ ರಥದಿಂದ ಕೆಳಗೆ ಕಾಲಿಡುತ್ತಿದ್ದಳು. ಗಾಳಿಗೆ ಕಮಾನಾಗಿ ಎದ್ದ ಮೇಲುಹೊದಿಕೆಯ ಎರಡು ತುದಿಗಳನ್ನು ಎರಡೂ ಕೈಗಳಲ್ಲಿ ಮೇಲೆತ್ತಿ ಹಿಡಿದಿದ್ದಳು. ನೆತ್ತಿಯಲ್ಲಿ ಅರ್ಧಚಂದ್ರ. ಸುತ್ತ ಪಂಜು ಹಿಡಿದ ರೆಕ್ಕೆಯ ಮಕ್ಕಳು. ಮಲಗಿದವನ ಮುಖವನ್ನು ಪದ್ಧತಿಯಂತೆ ಒರಟಾಗಿಯೇ ಬಿಡಲಾಗಿತ್ತು. ಕೊಂಡವರ ಮುಖ ಅಲ್ಲಿ ಬರಬೇಕು. ದೇವಿಯ ಮುಖವನ್ನು ಮಾತ್ರ ಅಗಾಥ ಪೂರ್ತಿ ಮುಗಿಸಿದ್ದ. ಅದಕ್ಕೆ ತನ್ನ ಹೆಂಡತಿ ಕಲಿಸ್ತೆಯ ಮುಖ ಕೊಟ್ಟಿದ್ದ. ಒಂದು ಹುಬ್ಬು ಇನ್ನೊಂದಕ್ಕಿಂತ ತುಸು ಮೇಲೆ. ನಗು ತಡೆದವಳಂತೆ ಒಳಕ್ಕೆಳೆದ ಕೆಳತುಟಿ.

"ಅಗಾಥ ಹೆಂಡ್ತೀನ ಆಕಾಶಕ್ಕೇ ಹತ್ತಿಸಿಬಿಟ್ಟ" ಎಂದು ನೆರೆಹೊರೆ ನಕ್ಕಿತ್ತು. ಕಲಿಸ್ತೆ ತಲೆ ಕೆಡಿಸಿಕೊಳ್ಳಲಿಲ್ಲ. ಪೆಟ್ಟಿಗೆಯ ಮುಚ್ಚಳದ ಮೇಲೆ ಅಂಜೂರ ಹರಡಿ, "ನನ್ನನ್ನಂತೂ ಬಿಸಿಲಿಗೆ ನಿಲ್ಲಿಸಿದ್ದಾನೆ, ಇವೂ ಜೊತೆಗೆ ಒಣಗಲಿ" ಎನ್ನುತ್ತಿದ್ದಳು.

ಅಗಾಥ ಹೋದ ಮೇಲೆ ಅಂಗಳ ವೇನುಸ್ತನದಾಯಿತು. ಮದುವೆಯಾದ, ಹೆಂಡತಿ ಮೊದಲ ಹೆರಿಗೆಯಲ್ಲೇ ಮಗುವಿನೊಂದಿಗೆ ಹೋದಳು. ಮತ್ತೊಂದು ಮದುವೆಯ ಮಾತೆತ್ತಲು ಅವನು ಯಾರಿಗೂ ಬಿಡಲಿಲ್ಲ. ಅಮ್ಮನೇ ಮನೆ ನಡೆಸಿದಳು. ನಂತರ ಊರಿಗೆ ಮಹಾಮಾರಿ ಬಂತು. ವೇನುಸ್ತ ಆಗ ಬಡಗಣ ಕರಾವಳಿಯ ಗಣಿಗಳಲ್ಲಿ ಕಲ್ಲು ಆರಿಸುತ್ತಿದ್ದ. ಸುದ್ದಿ ಮುಟ್ಟಿ ಓಡಿ ಬರುವಷ್ಟರಲ್ಲಿ ಅಮ್ಮ ಒಸ್ತಿಯಾ ರಸ್ತೆಯ ಬದಿಯಲ್ಲಿ, ಅಪ್ಪನ ಪಕ್ಕದಲ್ಲಿ, ಮಣ್ಣಿನೊಳಗಿದ್ದಳು. ಅಕ್ಕ ಅಮ್ಮಿಯಾ ಒಬ್ಬಳೇ ಎಲ್ಲವನ್ನೂ ಮಾಡಿ ಮುಗಿಸಿದ್ದಳು.

ಅಂದಿನಿಂದ ಅವನು ಎರಡು ಪದ್ಧತಿ ಇಟ್ಟುಕೊಂಡ. ಬೆಳಿಗ್ಗೆ ಉಳಿ ಹಿಡಿಯುವ ಮೊದಲು ಬೆರಳನ್ನು ತುಟಿಗೆ ಮುಟ್ಟಿಸಿ, ಅದೇ ಬೆರಳಿನಿಂದ ಚಂದ್ರದೇವಿಯ ಪಾದ ಮುಟ್ಟುವುದು. ಆ ನಮಸ್ಕಾರ ದೇವಿಗೋ ಅಮ್ಮನಿಗೋ ಎಂದು ಕೇಳಿದ್ದರೆ ಅವನಿಗೇ ಹೇಳಲು ಬರುತ್ತಿರಲಿಲ್ಲ. ಇನ್ನೊಂದು, ಫೆಬ್ರವರಿಯಲ್ಲಿ ಸತ್ತವರ ದಿನಗಳು ಬಂದಾಗ ಅಮ್ಮಿಯಾಳನ್ನೂ ಕರೆದುಕೊಂಡು ಸಮಾಧಿಗೆ ಹೋಗುವುದು. ನೇರಳೆ ಹೂ ಇಟ್ಟು, ನೆನೆಸಿದ ರೊಟ್ಟಿ ಇಟ್ಟು, ನೆಲದಲ್ಲಿ ಹುಗಿದ ಮಣ್ಣಿನ ಕೊಳವೆಯೊಳಗೆ ದ್ರಾಕ್ಷಾರಸ ಹುಯ್ಯುತ್ತಿದ್ದ. ಅದು ಗುಳುಗುಳು ಇಳಿಯುವ ಸದ್ದು ಕೇಳಿದರೆ ಅಮ್ಮ ಕುಡಿಯುತ್ತಿದ್ದಾಳೆ ಎಂದು ಅವನಿಗೆ ಸಮಾಧಾನ. ಬಗ್ಗಿ ಕೂತು ವರ್ಷದ ಸುದ್ದಿಯನ್ನೆಲ್ಲ ಹೇಳುತ್ತಿದ್ದ. ಅಮ್ಮಿಯಾ ಪಕ್ಕದಲ್ಲಿ ಸುಮ್ಮನೆ ನಿಂತಿರುತ್ತಿದ್ದಳು.

ಹೀಗಿರುವಾಗ ಊರ ಸುತ್ತ ಕೋಟೆಗೋಡೆ ಕಟ್ಟಬೇಕೆಂದು ಚಕ್ರವರ್ತಿಯ ಅಪ್ಪಣೆಯಾಯಿತು. ಹೊರಗಿನ ಶತ್ರುಗಳು ಆಲ್ಪ್ಸ್ ಬೆಟ್ಟ ದಾಟಿ ಬಂದಿದ್ದ ವರ್ಷಗಳು ಅವು. ಗೋಡೆಗೆ ಕೂಲಿಯಾಳು ಸಾಲದೆ ಊರಿನ ಕಸುಬುದಾರರನ್ನೆಲ್ಲ ಸರದಿಯ ಮೇಲೆ ಎಳೆದರು. ಒಂದು ದಿನ ಅಳತೆಯವರು ಬಂದು ವೇನುಸ್ತನ ಅಂಗಳದ ನಟ್ಟನಡುವೆ ಕೆಂಪು ಮಣ್ಣಿನ ಗೆರೆ ಎಳೆದು ಹೋದರು.

"ಮುಂದಿನ ತಿಂಗಳೊಳಗೆ ಖಾಲಿ ಮಾಡು. ಉಳಿದಿದ್ದೆಲ್ಲ ಗೋಡೆಗೆ" ಎಂದ ಅವರ ಮುಖಂಡ.

"ಗೋಡೆಗೆ ಅಂದ್ರೆ?"

"ಕಲ್ಲಲ್ವೇನಯ್ಯಾ? ಗೋಡೆಗೆ ಕಲ್ಲೇ ತಾನೆ ಬೇಕಾಗಿರೋದು."

ಆ ಮಾತನ್ನು ಬೆದರಿಕೆ ಎಂದುಕೊಂಡಿದ್ದ ವೇನುಸ್ತ. ಮರುದಿನ ಹೋಗಿ ನೋಡಿದರೆ ಪಕ್ಕದ ಅಂಗಳದ ಬಾಸ್ಸ ಕೆತ್ತಿ ಇಟ್ಟಿದ್ದ ಸಿಂಹವನ್ನು ತಲೆಕೆಳಗಾಗಿ ಅಡಿಪಾಯಕ್ಕೆ ತಳ್ಳಿ ಮೇಲೆ ಗಾರೆ ಸುರಿಯುತ್ತಿದ್ದರು. ಬಾಸ್ಸ ಅದರ ಹಿಂಗಾಲನ್ನೇ ದಿಟ್ಟಿಸಿ ನಿಂತಿದ್ದ. ವೇನುಸ್ತನಿಗೆ ಅಮ್ಮನ ಮುಖದ ಮೇಲೆ ಗಾರೆ ಬೀಳುವುದು ಕಣ್ಣಿಗೆ ಕಟ್ಟಿತು. ಅವನಿಗೆ ಇನ್ನು ಇರಲು ಅಕ್ಕನ ಮನೆಯೇ ಗತಿ. ಅದೋ ಮೂರನೇ ಅಂತಸ್ತಿನ ಒಂದು ಕೋಣೆ, ಏರಲು ಮರದ ಏಣಿ. ಅಷ್ಟು ದೊಡ್ಡ ಪೆಟ್ಟಿಗೆಯನ್ನು ಅಲ್ಲಿಗೆ ಒಯ್ಯುವ ಮಾತೇ ಇಲ್ಲ.

"ಮಾರಿಬಿಡೋ. ಯಾರದಾದ್ರೂ ಸಮಾಧಿಯಲ್ಲಿ ನೆಟ್ಟಗೆ ಇರುತ್ತೆ. ನನಗೆ ಗೊತ್ತಿರೋರು ಒಬ್ರಿದ್ದಾರೆ, ಕಳಿಸ್ತೀನಿ" ಎಂದಳು ಅಮ್ಮಿಯಾ.

ಅವಳು ಕಳಿಸಿದ್ದು ಎಣ್ಣೆ ವ್ಯಾಪಾರಿ ಪೊತೀತನನ್ನು. ಅವನೊಬ್ಬನೇ ಬರಲಿಲ್ಲ. ಅವನ ಹೆಂಡತಿ ಕ್ವಾರ್ತಿಲ್ಲ ಕುರ್ಚಿಯ ಮೇಲೆ ಕೂತಿದ್ದಳು. ಇಬ್ಬರು ಆಳುಗಳು ಆ ಕುರ್ಚಿಯನ್ನೇ ಹೊತ್ತು ತಂದಿದ್ದರು. ಕಾಲು, ಹೊಟ್ಟೆ, ಮುಖ ಎಲ್ಲ ನೀರು ತುಂಬಿ ಊದಿಕೊಂಡಿತ್ತು. ಹೆಚ್ಚು ದಿನದವಳಲ್ಲ ಎಂದು ನೋಡಿದ ಯಾರಿಗಾದರೂ ತಿಳಿಯುತ್ತಿತ್ತು.

"ಎಲ್ಲಿ ಮೇಸ್ತ್ರಿ, ನನ್ನ ಮನೆ ತೋರಿಸಿ" ಎಂದಳು ಕ್ವಾರ್ತಿಲ್ಲ.

ಪೊತೀತ ಮುಖ ಆಚೆ ತಿರುಗಿಸಿದ. "ಬೇಡ ಅಂದ್ರೂ ಕೇಳಲ್ಲ. ತಾನೇ ನೋಡ್ಬೇಕಂತೆ."

"ಮತ್ತೆ? ಒಳಗೆ ಮಲಗಿದ ಮೇಲೆ ಕಾಲು ಚಾಚೋಕೆ ಜಾಗ ಸಾಲದು ಅಂತ ಯಾರ ಹತ್ರ ದೂರಲಿ?"

ವೇನುಸ್ತ ದಂಗಾದ. ಸಾವಿನ ಸರಕು ಮಾರಿಯೇ ಅವನು ಹೊಟ್ಟೆ ಹೊರೆದವನು, ಆದರೆ ತನ್ನ ಪೆಟ್ಟಿಗೆಯ ಮುಂದೆ ಕೂತು ನಗುವ ಗಿರಾಕಿಯನ್ನು ಕಂಡಿರಲಿಲ್ಲ. ಇವರು ಕ್ರಿಸ್ತನವರು ಎಂದು ಅವರ ಮುಂದಿನ ಮಾತಿನಲ್ಲಿ ಗೊತ್ತಾಯಿತು. ಆ ಮಂದಿಯ ಬಗ್ಗೆ ಅವನಿಗೆ ದ್ವೇಷವೇನಿರಲಿಲ್ಲ. ದೇವರ ವಿಗ್ರಹ ಕಂಡರಾಗದ, ನೆಲದಡಿ ಹೆಣ ಹೂಳುವ ವಿಚಿತ್ರ ಜನ ಎಂದಷ್ಟೇ ಕೇಳಿದ್ದ. ಅಂಥವರು ಕೆತ್ತನೆಯ ಪೆಟ್ಟಿಗೆ ಕೊಳ್ಳಲು ಬಂದದ್ದೇ ಅವನಿಗೆ ಸೋಜಿಗ.

ಪೊತೀತ ಮಲಗಿದ ಕುರುಬನನ್ನು ಮೆಚ್ಚಿ ನೋಡಿದ. "ಇವನಿರಲಿ. ನಮ್ಮಲ್ಲಿ ಯೋನ ಅಂತ ಒಬ್ಬ ಪ್ರವಾದಿ ಇದ್ದ. ದೇವರ ಮಾತು ಕೇಳದೆ ಹಡಗು ಹತ್ತಿ ಓಡಿಹೋಗ್ತಿದ್ದಾಗ ಕಡಲಿಗೆ ಎಸೆದ್ರು. ಮೀನಿನಂಥ ಒಂದು ದೊಡ್ಡ ಕಡಲಮೃಗ ನುಂಗಿ, ಆಮೇಲೆ ದಡಕ್ಕೆ ಉಗುಳ್ತು. ಅವನು ಸೋರೆಬಳ್ಳಿ ನೆರಳಲ್ಲಿ ಹೀಗೇ ಮಲಗಿದ್ದ. ಮೇಲೆ ಒಂದು ಬಳ್ಳಿ ಹಬ್ಬಿಸಿಬಿಡಿ, ಸಾಕು."

"ಬಟ್ಟೆ?" ಎಂದ ವೇನುಸ್ತ. "ಇವನ ಮೈಮೇಲೆ ಏನೂ ಇಲ್ಲ. ನಿಮ್ಮ ಪ್ರವಾದಿಗೆ ಅದು ಆಗುತ್ತಾ?"

"ಮೀನಿನ ಹೊಟ್ಟೆಯಿಂದ ಬಂದೋನಿಗೆ ಬಟ್ಟೆ ಎಲ್ಲಿ ಉಳಿದಿರುತ್ತೆ" ಎಂದಳು ಕ್ವಾರ್ತಿಲ್ಲ.

"ಆದ್ರೆ ಈ ದೇವತೆ ಬೇಡ" ಎಂದ ಪೊತೀತ. "ಇವಳನ್ನ ಹೊಡೆದು ತೆಗೆದುಬಿಡಿ."

ವೇನುಸ್ತನಿಗೆ ಎದೆಯ ಮೇಲೆ ಯಾರೋ ಕೊಡತಿ ಬೀಸಿದಂತಾಯಿತು. ಹೊಡೆದು ತೆಗೆಯಿರಿ. ಗೋಡೆ ಕಟ್ಟುವವರು ಮಾಡುವುದೂ ಅದನ್ನೇ, ಇವನು ಹೇಳುವುದೂ ಅದನ್ನೇ. ಇವರಿಗೆ ಹೊರಟುಹೋಗಿ ಎನ್ನಬೇಕೆಂದು ಅವನು ಬಾಯಿ ತೆರೆಯುವಷ್ಟರಲ್ಲಿ ಕ್ವಾರ್ತಿಲ್ಲ ಆಳುಗಳಿಗೆ ಸನ್ನೆ ಮಾಡಿ ಕುರ್ಚಿಯನ್ನು ಪೆಟ್ಟಿಗೆಯ ಹತ್ತಿರ ಹಿಡಿಸಿದಳು. ಕಣ್ಣು ಕಿರಿದು ಮಾಡಿ ದೇವಿಯ ಮುಖ ನೋಡಿದಳು. ಊದಿದ ಕೈಯನ್ನು ಎತ್ತಿ, ಮೇಲೇರಿದ ಆ ಒಂದು ಹುಬ್ಬನ್ನು ಸವರಿದಳು.

"ಇದು ಕಲಿಸ್ತೆ ಅಲ್ವಾ" ಎಂದಳು.

ಪೊತೀತ ಹೆಂಡತಿಯ ಕಡೆ ತಿರುಗಿದ.

"ರೀ, ನೋಡಿ ಇಲ್ಲಿ. ನಮ್ಮ ಕಲಿಸ್ತೆ. ಅಮ್ಮಿಯಾಳ ತಾಯಿ. ಮಾರಿ ಬಂದ ವರ್ಷ ಅವರ ಬಾಯಿಗೆ ನೀರು ಬಿಟ್ಟಿದ್ದು ನಾನೇ." ಅವಳ ಮುಖ ಅರಳಿತ್ತು, ದಾರಿಯಲ್ಲಿ ಹಳೆಯ ಗೆಳತಿ ಸಿಕ್ಕವಳಂತೆ. "ದೀಕ್ಷೆಯ ನೀರು ತಲೆ ಮೇಲೆ ಹಾಕುವಾಗ ಹಿಂದಿನಿಂದ ಹಿಡ್ಕೊಂಡಿದ್ದೂ ನಾನೇ. ಜ್ವರ ಸುಡ್ತಾ ಇದೆ, ಆಗಲೂ 'ಅಯ್ಯೋ, ತಣ್ಣಗಿದೆ ಕಣೇ' ಅಂತ ನಕ್ಕಿದ್ರು. ಇದೇ ತುಟಿ, ಹೀಗೇ ಒಳಗೆಳ್ಕೊಂಡು."

ಹೇಳುತ್ತ ಹೇಳುತ್ತ ವೇನುಸ್ತನ ಕಡೆ ನೋಡಿದಳು. ಅವನ ಮೋರೆ ಸುಣ್ಣದಂತಾಗಿತ್ತು. ಅವಳ ಕೈ ಹುಬ್ಬಿನಿಂದ ಜಾರಿತು.

"ನೀವು ಅವರ ಮಗ ಅಲ್ವಾ. ಅಮ್ಮಿಯಾ ಹೇಳಿರ್ಬೇಕಲ್ಲ ನಿಮಗೆ. ಹೇಳಿಲ್ವಾ?"

ಅವನು ಕೈಯಲ್ಲಿದ್ದ ಉಳಿಯನ್ನು ಹಾಗೇ ಹಿಡಿದುಕೊಂಡು, ಮೈಗೆಲ್ಲ ಮೆತ್ತಿದ ಕಲ್ಲಿನ ಹಿಟ್ಟನ್ನೂ ಕೊಡವದೆ, ಅಂಗಳ ದಾಟಿ ಹೊರಟುಬಿಟ್ಟ.

ದಾರಿಯುದ್ದಕ್ಕೂ ಜನ ಅವನನ್ನು ನೋಡಿ ಸರಿದು ಜಾಗ ಬಿಟ್ಟರು. ಅಮ್ಮಿಯಾ ಕಿಟಕಿಯ ಬಳಿ ಕೂತು ಉಣ್ಣೆ ನೂಲುತ್ತಿದ್ದಳು. ತಮ್ಮನ ಕೈಯಲ್ಲಿನ ಉಳಿ ನೋಡಿ ಕದಿರು ಕೆಳಗಿಟ್ಟಳು.

"ಅಮ್ಮ ಕ್ರಿಸ್ತನವರ ಕಡೆ ಹೋಗಿದ್ಲಾ?"

"ಯಾರು ಹೇಳಿದ್ದು?"

"ಹೌದೋ ಅಲ್ವೋ ಅಷ್ಟು ಹೇಳು."

ಅಮ್ಮಿಯಾ ಹೌದೆಂದು ತಲೆಯಾಡಿಸಿದಳು. ವೇನುಸ್ತ ಬಾಗಿಲ ಚೌಕಟ್ಟು ಹಿಡಿದುಕೊಂಡ. ಇಷ್ಟು ದೂರ ಬರುವಾಗಲೂ, ಆ ಊದಿದ ಹೆಂಗಸು ಬೇರೆ ಯಾರನ್ನೋ ನೆನೆದು ತಪ್ಪು ಮಾತಾಡಿರಬಹುದು ಎಂಬ ಒಂದು ಎಳೆ ಅವನೊಳಗೆ ಉಳಿದಿತ್ತು.

"ನೀನು ಊರಲ್ಲಿರಲಿಲ್ಲ" ಎಂದಳು ಅಮ್ಮಿಯಾ. "ಅಕ್ಕಪಕ್ಕದೋರೆಲ್ಲ ಬಾಗಿಲು ಹಾಕ್ಕೊಂಡು ಕೂತಿದ್ರು. ಕೆಳಗಿನ ಮನೆಯೋರು ಇನ್ನೂ ಉಸಿರಾಡ್ತಿದ್ದ ತಮ್ಮಪ್ಪನ್ನೇ ಬೀದಿಗೆ ಎಳೆದುಹಾಕಿದ್ರು. ಅಮ್ಮನ್ನ ಎತ್ತಿ ಕೂರಿಸೋಕೂ ನನ್ನ ಕೈಲಿ ಆಗ್ತಿರಲಿಲ್ಲ. ಕ್ವಾರ್ತಿಲ್ಲ ಬಂದ್ಲು. ಗುರುತಿಲ್ಲ, ಪರಿಚಯ ಇಲ್ಲ. ಬಂದೋಳೇ ಅಮ್ಮನ ಹಾಸಿಗೆ ಒಗೆದು ಹಾಕಿದ್ಲು. ಆಮೇಲೆ ದಿನಾ ಬಂದ್ಲು. ಅಮ್ಮನೇ ಕೇಳಿದ್ದು, ನೀವು ಯಾರ ಪೈಕಿ, ನಿಮ್ಮ ದೇವರು ಯಾರು ಅಂತ."

"ನೀನೂನಾ?"

"ನಾನೂ."

ಅವನು ನೆಲದ ಮೇಲೆ ಕುಸಿದು ಕೂತ. ಅಮ್ಮ ಹೋದದ್ದು ಒಂದು, ಪಕ್ಕದಲ್ಲೇ ಇದ್ದ ಅಕ್ಕನೂ ಇಷ್ಟು ವರ್ಷ ಬೇರೆಲ್ಲೋ ಇದ್ದಳು.

"ಪ್ರತಿ ಫೆಬ್ರವರಿ ನನ್ನ ಜೊತೆ ಬಂದು ನಿಂತ್ಕೊಂಡೆ. ನಾನು ಆ ಕೊಳವೆಗೆ ಬಾಯಿ ಹಚ್ಚಿ ಮಾತಾಡೋದನ್ನ ನೋಡ್ತಾ ನಿಂತ್ಕೊಂಡೆ. ಒಳಗೊಳಗೇ ನಗ್ತಿದ್ದೆಯೇನೆ?"

"ನಗ್ತಿರಲಿಲ್ಲ. ನೀನು ಅಮ್ಮನ ಹತ್ರ ಮಾತಾಡ್ತಿದ್ದೆ. ಅದನ್ನ ಹೇಗೋ ನಿಲ್ಸಲಿ ನಾನು?"

"ಕೊಳವೆಗೆ ಹುಯ್ಯೋದು ಬೇಡ ಅಂದಿದ್ಲಾ ಅಮ್ಮ?"

"ಅದರ ಮಾತೇ ಬರಲಿಲ್ಲ. ಅವಳು ಅಂದಿದ್ದು ಒಂದೇ. ವೇನುಸ್ತನಿಗೆ ಹೇಳ್ಬೇಡ, ದೇವರುಗಳನ್ನ ಕೆತ್ತಿ ಅನ್ನ ತಿನ್ನೋನು ಅವನು, ಕೈ ನಡುಗಿಬಿಡುತ್ತೆ ಅಂದ್ಲು."

ವೇನುಸ್ತ ತನ್ನ ಕೈ ನೋಡಿಕೊಂಡ. ಉಳಿ ಇನ್ನೂ ಅದರಲ್ಲೇ ಇತ್ತು.

ಮರುದಿನ ಬೆಳಿಗ್ಗೆ ಅವನು ದೇವಿಯ ಪಾದ ಮುಟ್ಟಲಿಲ್ಲ. ಎದುರಿಗೆ ನಿಂತು ಬಹಳ ಹೊತ್ತು ದಿಟ್ಟಿಸಿದ. ಅದೇ ಹುಬ್ಬು, ಅದೇ ತುಟಿ. ತನಗೆ ಹೇಳದೆ ಹೋದವಳ ನಗು ಅದು ಎಂದು ಮೊದಲ ಸಲ ಅನ್ನಿಸಿತು. ಸಿಟ್ಟು ತಲೆಗೇರಿತು. ಪೂರ್ತಿ ಒಡೆದುಬಿಡುತ್ತೇನೆಂದು ಚೂಪು ಉಳಿಯನ್ನು ನೆತ್ತಿಗೆ ಆನಿಸಿ ಸುತ್ತಿಗೆ ಎತ್ತಿ ಬಾರಿಸಿದ. ಒಂದೇ ಏಟಿಗೆ ಅರ್ಧಚಂದ್ರ ಕಿತ್ತುಬಂದು ಅವನ ಕಾಲ ಬಳಿ ಧೂಳಿನಲ್ಲಿ ಬಿತ್ತು.

ಅವನು ಉಸಿರು ಹಿಡಿದು ನಿಂತ. ಕಣ್ಣಿಗೆ ಕತ್ತಲೆ ಕವಿಯುತ್ತದೆ, ಇಲ್ಲವೇ ಕೈ ಸೇದಿಹೋಗುತ್ತದೆ ಎಂದು ಕಾದ. ಏನೂ ಆಗಲಿಲ್ಲ. ಆಚೆ ಅಂಗಳದಲ್ಲಿ ಕಲ್ಲು ಗರಗಸದ ಸದ್ದು ಹಾಗೇ ನಡೆದಿತ್ತು. ಯಾರೋ ಕತ್ತೆಯನ್ನು ಬೈಯುತ್ತಿದ್ದರು. ಮತ್ತೆ ತಲೆಯೆತ್ತಿ ನೋಡಿದರೆ ಅಲ್ಲಿ ದೇವಿಯೇ ಇರಲಿಲ್ಲ. ಚಂದ್ರ ಹೋದ ಮೇಲೆ ಉಳಿದದ್ದು ಅಗಾಥನ ಹೆಂಡತಿ, ಬಾಗಿಲಲ್ಲಿ ನಿಂತು ಯಾರನ್ನೋ ಊಟಕ್ಕೆ ಕರೆಯುತ್ತಿರುವಂತೆ. ಎರಡನೇ ಏಟಿಗೆ ಎತ್ತಿದ ಸುತ್ತಿಗೆಯನ್ನು ಅವನು ಇಳಿಸಿದ. ಪೆಟ್ಟಿಗೆಗೆ ಹಣೆ ಕೊಟ್ಟು ಅತ್ತ.

ಅಷ್ಟು ಹೊತ್ತಿಗೆ ಪೊತೀತ ಬಂದ. ಮಾತು ತಡವರಿಸುತ್ತಿತ್ತು. "ಅವಳು ನಿನ್ನೆಯಿಂದ ಊಟ ಮಾಡಿಲ್ಲ. ಗೊತ್ತಿಲ್ಲದೆ ಬಾಯಿ ಬಿಟ್ಟೆ ಅಂತ ಒಂದೇ ಹಲುಬಾಟ. ನಿಮ್ಮ ಹತ್ರ ಕ್ಷಮೆ ಕೇಳಿ ಬನ್ನಿ ಅಂದ್ಲು. ಪೆಟ್ಟಿಗೆ ಕೊಡೋಕೆ ಮನಸ್ಸಿಲ್ದಿದ್ರೆ ಬೇಡ."

ವೇನುಸ್ತ ಮುಖ ಒರೆಸಿಕೊಂಡ. ಇದನ್ನು ಇವರಿಗೆ ಕೊಡದಿದ್ದರೆ ಗೋಡೆಗೆ ಹೋಗುತ್ತದೆ. "ಈ ಮುಖ ನಾನು ಮುಟ್ಟಲ್ಲ. ಮಿಕ್ಕಿದ್ದು ಏನು ಬೇಕಾದ್ರೂ ಹೇಳಿ, ಮಾಡ್ತೀನಿ."

"ಅವಳು ಹೇಳಿದ್ದೂ ಅದನ್ನೇ. ನಮ್ಮ ಪೆಟ್ಟಿಗೆಗಳಲ್ಲಿ ಕೈಯೆತ್ತಿ ಪ್ರಾರ್ಥಿಸೋ ಒಬ್ಬ ಹೆಂಗಸು ಇರ್ತಾಳೆ. ತೀರಿಹೋದವರ ಮುಖ ಅದಕ್ಕೆ ಕೊಡ್ತಾರೆ. 'ನನ್ನ ಮುಖ ಈಗ ಹಿಟ್ಟಿನ ಮುದ್ದೆಯಾಗಿದೆ, ಕಲಿಸ್ತೆ ಮುಖಾನೇ ಇರಲಿ, ಜೊತೆಗೆ ಇರ್ತಾರೆ' ಅಂದ್ಲು."

ವೇನುಸ್ತ ಕೆಲಸಕ್ಕಿಳಿದ. ಕೈಯೆತ್ತಿ ಪ್ರಾರ್ಥಿಸುವ ಹೆಂಗಸನ್ನು ಅವನು ಹೊಸದಾಗಿ ಕಲಿಯಬೇಕಿರಲಿಲ್ಲ. ದೈವಭಕ್ತಿಯ ಗುರುತಾಗಿ ಹಳೆಯ ನಾಣ್ಯಗಳ ಮೇಲೂ ರಾಣಿಯರ ಸಮಾಧಿಗಳ ಮೇಲೂ ಅವಳನ್ನು ಎಷ್ಟೋ ಸಲ ಕಂಡಿದ್ದ. ಅಮ್ಮನ ಕೈಗಳು ಹೇಗೂ ಮೇಲೆದ್ದಿದ್ದವು, ಹೊದಿಕೆಯನ್ನು ತೆಗೆದರಾಯಿತು. ಆದರೆ ಆ ಹೊದಿಕೆಯ ಕಮಾನಿನಲ್ಲಿ ಅಪ್ಪನ ಬೈರಿಗೆಯ ಒಂದೊಂದು ತೂತೂ ಕಾಣುತ್ತಿತ್ತು. ಗಾಳಿ ತುಂಬಿದ ಬಟ್ಟೆಯನ್ನು ಕಲ್ಲಿನಲ್ಲಿ ಬೆಳಕು ಹಾಯುವಷ್ಟು ತೆಳ್ಳಗೆ ತೆಗೆದಿದ್ದ ಅಗಾಥ. ಅದನ್ನು ಚೂರು ಚೂರಾಗಿ ಉದುರಿಸುವಾಗ ಮಗನ ಕಿವಿಯಲ್ಲಿ ಅಪ್ಪನ ಬೈಗುಳ ಕೇಳುತ್ತಲೇ ಇತ್ತು. ಮುಷ್ಟಿಗಳನ್ನು ಅಂಗೈಗಳಾಗಿ ಬಿಡಿಸುವುದು ಎಲ್ಲಕ್ಕಿಂತ ಕಷ್ಟವಾಯಿತು. ಬೆರಳಿಗೆ ಕಲ್ಲು ಎಲ್ಲಿಂದ ತರುವುದು? ಮುಷ್ಟಿಯಿಂದ ಹೊರಗೆ ಉಳಿದಿದ್ದ ಬಟ್ಟೆಯ ಮಡಿಕೆಯಲ್ಲೇ ಬೆರಳು ಹುಡುಕಿದ. ಸ್ವಲ್ಪ ಗಿಡ್ಡವಾದವು.

ರಥದ ಗೂಡು ಹಡಗಿನ ಒಡಲಾಯಿತು. ಕುದುರೆಗಳ ಕತ್ತನ್ನು ಸುರುಳಿ ಮಾಡಿ, ಕಿವಿ ಚೂಪು ಮಾಡಿ, ಗೊರಸಿನ ಜಾಗದಲ್ಲಿ ಈಜುರೆಕ್ಕೆ ಬಿಡಿಸಿದರೆ ಯೋನನನ್ನು ನುಂಗುವ ಕಡಲಮೃಗ ಎದ್ದು ಬಂತು. ಮಲಗಿದವನ ಮೇಲೆ ಮರದ ಕೊಂಬೆಯೊಂದು ಮೊದಲೇ ಚಾಚಿತ್ತು. ಅದಕ್ಕೆ ನಾಲ್ಕಾರು ಸೋರೆಕಾಯಿ ಇಳಿಬಿಟ್ಟ. ಒರಟಾಗಿ ಬಿಟ್ಟಿದ್ದ ಮುಖವನ್ನು ತಿದ್ದಿ, ಯಾರದೂ ಅಲ್ಲದ ಒಬ್ಬ ಯುವಕನ ಮುಖ ಮಾಡಿದ.

"ಪಂಜು ಹಿಡಿದ ರೆಕ್ಕೆ ಹುಡುಗರನ್ನ ಏನು ಮಾಡ್ಲಿ?" ಎಂದು ಕೇಳಿದ, ಪೊತೀತ ನೋಡಲು ಬಂದಾಗ.

ಪೊತೀತ ಯೋಚಿಸಿದ. "ಮುದ್ದಾಗಿವೆ. ಇರಲಿ ಬಿಡಿ. ಪಂಜಿನ ಬದಲು ಕೈಗೊಂದು ಗಾಳ ಕೊಡಿ. ಪಕ್ಕದಲ್ಲಿ ಸಮುದ್ರ ಹೇಗೂ ಇದೆ."

ಬೇಲಿಯಾಚೆಯಿಂದ ಬಾಸ್ಸ ಇಣುಕಿದ. "ಏನೋ ವೇನುಸ್ತ, ನಿಮ್ಮಪ್ಪನ ಚಂದ್ರ ಮುಳುಗಿತಂತೆ? ಆ ಕುರುಬ ಪಾಪ ಇನ್ನೂ ಎದ್ದೇ ಇಲ್ಲ, ಊರೇ ಬದಲಾಗೋಯ್ತು."

"ನಿನ್ನ ಸಿಂಹ ಅಡಿಪಾಯದಲ್ಲಿ ಹೇಗಿದೆಯೋ ಮೊದಲು ನೋಡ್ಕೊ" ಎಂದ ವೇನುಸ್ತ. ಆಮೇಲೆ ಹಾಗೆಂದದ್ದಕ್ಕೆ ಅವನಿಗೇ ಬೇಜಾರಾಯಿತು.

ಕೊನೆಯ ಹೊಳಪು ಕೊಡುತ್ತಿದ್ದಾಗ ಕ್ವಾರ್ತಿಲ್ಲ ತೀರಿಕೊಂಡ ಸುದ್ದಿ ಬಂತು. ಪೆಟ್ಟಿಗೆಯನ್ನು ಎತ್ತಿನ ಬಂಡಿಗೇರಿಸಿ ಅಪ್ಪಿಯಾ ರಸ್ತೆಯಲ್ಲಿ, ಕ್ರಿಸ್ತನವರು ನೆಲದಡಿ ಮೆದುಗಲ್ಲು ಕೊರೆದು ಮಾಡಿಕೊಂಡ ಸಮಾಧಿಗೆ ಒಯ್ದರು. ಮುಚ್ಚಳಕ್ಕೆ ಕಬ್ಬಿಣದ ಹಿಡಿ ಬಿಗಿಯಲು ವೇನುಸ್ತನೂ ಜೊತೆಗೆ ಹೋದ. ಹಗ್ಗ ಕಟ್ಟಿ ಬೆಳಕಿಂಡಿಯಿಂದ ಇಳಿಸಿದ ಪೆಟ್ಟಿಗೆಯ ಹಿಂದೆ ಅವನು ಮೆಟ್ಟಿಲಿಳಿದ. ಏನೇನೋ ಭಯಂಕರವಾದದ್ದು ಕಾಣುತ್ತದೆ ಎಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದ.

ಕೋಣೆಗೆ ಕಾಲಿಟ್ಟು ದೀಪ ಎತ್ತಿದವನು ಹಾಗೇ ನಿಂತುಬಿಟ್ಟ. ಗೋಡೆಯ ತುಂಬ ಚಿತ್ರ, ಎಲ್ಲವೂ ಅವನಿಗೆ ಗೊತ್ತಿದ್ದವೇ. ಕುರಿ ಹೆಗಲ ಮೇಲೆ ಹೊತ್ತ ಕುರುಬ, ಅವನನ್ನು ವೇನುಸ್ತ ಸ್ನಾನಗೃಹಗಳಿಗೆ ಎಷ್ಟು ಸಲ ಕೆತ್ತಿದ್ದನೋ. ದ್ರಾಕ್ಷಿ ಕೊಯ್ಯುವ ಮಕ್ಕಳು. ನವಿಲು. ಛಾವಣಿಯಲ್ಲಿ ಕಾಡುಮೃಗಗಳ ನಡುವೆ ಕೂತು ತಂತಿವಾದ್ಯ ನುಡಿಸುವ ಗಾಯಕ.

"ಇದು ಓರ್ಫಿಯಸ್ ಅಲ್ವೇನಪ್ಪ?" ಎಂದು ಗೋರಿ ಅಗೆಯುವ ಲೂಪನನ್ನು ಕೇಳಿದ.

"ನಿಮಗೆ ಓರ್ಫಿಯಸ್. ನಮಗೆ ಅವನು ನಮ್ಮ ಸ್ವಾಮಿ."

"ಬರೆದವರು ಯಾರು?"

"ಹೆಂಡದಂಗಡಿಗಳಿಗೆ ಬಣ್ಣ ಬಳಿಯೋನು ಒಬ್ಬ. ಅವನಿಗೆ ಬರೋದೇ ಅಷ್ಟು. ನಾವೂ ಬೇರೆ ಬ್ಯಾಡ ಅನ್ಲಿಲ್ಲ."

ವೇನುಸ್ತ ದೀಪವನ್ನು ಇನ್ನೊಂದು ಗೋಡೆಗೆ ಹಿಡಿದ. ಹೆದರಿ ಹೆದರಿ ಪರದೇಶಕ್ಕೆ ಬಂದವನಿಗೆ ತನ್ನದೇ ಕೇರಿಯಲ್ಲಿ ನಿಂತಂತಾಗಿತ್ತು. ಆದರೆ ಕೇರಿಯ ಪ್ರತಿ ಮನೆಯಲ್ಲೂ ಬೇರೆ ಯಾರೋ ಸಂಸಾರ ಹೂಡಿದ್ದರು.

ಕ್ವಾರ್ತಿಲ್ಲಳನ್ನು ಒಳಗಿಟ್ಟು ಮುಚ್ಚಳ ಮುಚ್ಚಿದರು. ಪ್ರಾರ್ಥನೆ ಮುಗಿದ ಮೇಲೆ ಹೆಂಗಸರು ಒಬ್ಬೊಬ್ಬರಾಗಿ ಬಂದು ಕೆತ್ತನೆಯ ಆ ಗಿಡ್ಡ ಬೆರಳುಗಳನ್ನು ಮುಟ್ಟಿ, ಕಣ್ಣಿಗೊತ್ತಿಕೊಂಡು, "ಕ್ವಾರ್ತಿಲ್ಲ, ನಮಗಾಗಿ ಕೇಳಿಕೊಳ್ಳೇ ತಾಯಿ" ಎಂದು ಅತ್ತರು. ಒಬ್ಬ ಮುದುಕಿ ಮುಖದ ಹತ್ತಿರ ದೀಪ ಹಿಡಿದು, "ಆ ಹುಬ್ಬು ನೋಡು, ಥೇಟ್ ನಮ್ಮ ಕ್ವಾರ್ತಿಲ್ಲಳದೇ" ಎಂದಳು. ಕ್ವಾರ್ತಿಲ್ಲಳಿಗೆ ಅಂಥ ಹುಬ್ಬೇ ಇರಲಿಲ್ಲ. ಅಮ್ಮನ ಮುಖಕ್ಕೆ ಇನ್ನೊಬ್ಬಳ ಹೆಸರು ಅಂಟಿಕೊಳ್ಳುವುದನ್ನು ಕಣ್ಣೆದುರೇ ನೋಡಿ ವೇನುಸ್ತನಿಗೆ ಅಲ್ಲ ಎಂದು ಕೂಗಬೇಕೆನ್ನಿಸಿತು. ಗುಂಪಿನಲ್ಲಿದ್ದ ಅಮ್ಮಿಯಾ ಅವನನ್ನೇ ನೋಡುತ್ತಿದ್ದಳು. ಅವನು ಕೂಗಲಿಲ್ಲ.

ಆಮೇಲೆ ಅಲ್ಲೇ ರೊಟ್ಟಿ, ಮೀನು, ದ್ರಾಕ್ಷಾರಸ ಬಿಚ್ಚಿದರು. ಪೊತೀತ ತಾನು ಕುಡಿಯುವ ಮೊದಲು ಬಟ್ಟಲನ್ನು ಬಗ್ಗಿಸಿ, ಯಾರಿಗೂ ಕಾಣಬಾರದೆಂಬಂತೆ, ಪೆಟ್ಟಿಗೆಯ ಬುಡಕ್ಕೆ ಒಂದು ಗುಟುಕು ಚೆಲ್ಲಿದ.

ವೇನುಸ್ತ ಅಕ್ಕನ ತೋಳು ಹಿಡಿದ. "ನೀವೂ ಹುಯ್ತೀರಾ?"

ಅಮ್ಮಿಯಾಳ ಮುಖ ಕೆಂಪಗಾಯಿತು. "ಸಭೆಯ ಹಿರಿಯರು ಬೇಡ ಅಂತ ಬೈತಾರೆ ಕಣೋ. ಜನ ಎಲ್ಲಿ ಕೇಳ್ತಾರೆ."

ಅವನಿಗೆ ನಗು ಬಂತು. ತಡೆದುಕೊಳ್ಳಲು ನೋಡಿದ, ಆಗಲಿಲ್ಲ. ಸಾವಿನ ಮನೆಯಲ್ಲಿ ಬಿದ್ದು ಬಿದ್ದು ನಗುವ ಈ ಕಲ್ಲುಕುಟಿಗನನ್ನು ಜನ ಕಣ್ಣರಳಿಸಿ ನೋಡಿದರು. ನಗು ಯಾವಾಗ ಅಳುವಾಯಿತೋ ಅವನಿಗೇ ತಿಳಿಯಲಿಲ್ಲ. ಪೊತೀತ ಎದ್ದು ಬಂದು ಮಾತಿಲ್ಲದೆ ಅವನ ಕೈಗೆ ಬಟ್ಟಲು ಕೊಟ್ಟ. ಅವನೂ ಸ್ವಲ್ಪ ಚೆಲ್ಲಿ, ಉಳಿದದ್ದನ್ನು ಕುಡಿದ.

ಅಂಗಳ ಗೋಡೆಯ ಕೆಳಗೆ ಹೋಯಿತು. ವೇನುಸ್ತ ಅಕ್ಕನ ಕೋಣೆ ಸೇರಿ, ಬೇರೆಯವರ ಅಂಗಳದಲ್ಲಿ ಕೂಲಿಗೆ ಕೆತ್ತಿದ. ಪೊತೀತನಿಂದ ಶುರುವಾಗಿ ಹೆಸರು ಬಾಯಿಂದ ಬಾಯಿಗೆ ಹರಡಿ ಕ್ರಿಸ್ತನವರ ಕೆಲಸವೂ ಬಂತು, ಹಳಬರ ಕೆಲಸವೂ ನಿಲ್ಲಲಿಲ್ಲ. ಮಲಗಿದ ಹುಡುಗನನ್ನು ಒರಟಾಗಿ ಕೆತ್ತಿ ಇಟ್ಟುಕೊಂಡು, ಕೊಳ್ಳುವವರು ಬಂದ ಮೇಲೆ ಯೋನನ ಬಳ್ಳಿಯೋ ಕುರುಬನ ನಾಯಿಯೋ ಎಂದು ಕೇಳುವುದನ್ನು ಅವನು ರೂಢಿ ಮಾಡಿಕೊಂಡ. ಫೆಬ್ರವರಿಯಲ್ಲಿ ಒಸ್ತಿಯಾ ರಸ್ತೆಗೆ ಹೋಗುವುದನ್ನು ಬಿಡಲಿಲ್ಲ, ಅಮ್ಮಿಯಾಳೂ ಬರುತ್ತಿದ್ದಳು. ಆದರೆ ಅಮ್ಮನ ಮುಖವನ್ನು ಮತ್ತೆಲ್ಲೂ ಕೆತ್ತಲಿಲ್ಲ. ಒಮ್ಮೆ ಪ್ರಯತ್ನಪಟ್ಟನಂತೆ, ಹುಬ್ಬು ಎರಡೂ ಸಮವಾಗಿ ಬಂದುಬಿಟ್ಟವಂತೆ.

ಅವನ ಒಳಗೆ ಉಳಿದ ಮುಳ್ಳು ಒಂದೇ. ಅಮ್ಮ ಹೋದಲ್ಲಿಗೆ ಹೋದದ್ದಕ್ಕೆ ಅವನಿಗೆ ಬರಬರುತ್ತ ಸಿಟ್ಟು ಉಳಿಯಲಿಲ್ಲ. ತನ್ನನ್ನು ಯಾರೂ ಒಂದು ಮಾತು ಕೇಳಲಿಲ್ಲ, ಹೇಳಲಿಲ್ಲ ಎಂಬುದನ್ನು ಮಾತ್ರ ಮುಪ್ಪಿನಲ್ಲೂ ಆಗಾಗ ತೆಗೆದು ಅಕ್ಕನ ಜೊತೆ ಜಗಳವಾಡುತ್ತಿದ್ದ.

ಕಲ್ಲಿನ ಹಿಟ್ಟು ಎದೆಯಲ್ಲಿ ಕೂತು ಅವನು ಹಾಸಿಗೆ ಹಿಡಿದಾಗ ಅಮ್ಮಿಯಾಳಿಗೂ ಕಣ್ಣು ಮಂಜಾಗಿತ್ತು. ಒಂದು ಮಧ್ಯಾಹ್ನ ಅವಳು ನೀರಿನ ಬಟ್ಟಲು ಹಿಡಿದು ಪಕ್ಕದಲ್ಲಿ ಕೂತಳು.

"ವೇನುಸ್ತ, ಒಂದು ಮಾತು ಕೇಳ್ತೀನಿ, ಬೈಬೇಡ. ನಿನಗೂ ದೀಕ್ಷೆಯ ನೀರು ಹಾಕಿಸ್ಲಾ?"

ಅವನು ಬೆಚ್ಚಿದವನಂತೆ ಕಣ್ಣು ತೆರೆದು ಅವಳನ್ನು ನೋಡಿದ.

"ಅಂತೂ ಕೇಳಿದೆಯಲ್ಲೇ" ಎಂದ.

"ಮತ್ತೆ?"

"ಬೇಡ ಕಣೇ. ಅಪ್ಪ ಆ ಕಡೆ ಒಬ್ಬನೇ ಇದ್ದಾನೆ."

ಅಮ್ಮಿಯಾ ಒತ್ತಾಯ ಮಾಡಲಿಲ್ಲ. ಅವನ ತಲೆ ಎತ್ತಿ ಹಿಡಿದು, ಆ ನೀರನ್ನೇ ಗುಟುಕು ಗುಟುಕಾಗಿ ಕುಡಿಸಿದಳು.